ಸಂಘದ ಬೇಕರಿಗೆ ಡೆಕ್ ಓವನ್: ಬೆಲೆ ಕೇಳುವ ಮುನ್ನ ಈ ಲೆಕ್ಕ ಹಾಕಿ



ಹಾಲಿನ ಜೊತೆಗೆ ಇನ್ನೊಂದು ಆದಾಯ ಬೇಕೆಂದು ಯೋಚಿಸುವ ಮಹಿಳಾ ಸಂಘಗಳಲ್ಲಿ ಬೇಕರಿಯ ಮಾತು ಬಂದೇ ಬರುತ್ತದೆ. ಬೆಣ್ಣೆ ಬಿಸ್ಕತ್ತು, ರಸ್ಕ್, ಖಾರಾ ಬನ್ನು, ದಿಲ್‌ಪಸಂದ್ ಇವೆಲ್ಲ ನಮ್ಮ ಜನ ದಿನವೂ ಕೊಂಡು ತಿನ್ನುವ ತಿಂಡಿಗಳು. ಬೆಣ್ಣೆ, ತುಪ್ಪ, ಹಾಲಿನ ರುಚಿ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಂಜೀವಿನಿ ಯೋಜನೆಯಡಿ ಸ್ವಸಹಾಯ ಸಂಘದ ಮಹಿಳೆಯರೇ ನಡೆಸುವ ಅಕ್ಕ ಕೆಫೆಗಳನ್ನು ಕಂಡ ಮೇಲೆ 'ನಾವೂ ಯಾಕೆ ಮಾಡಬಾರದು' ಅನ್ನಿಸುವುದು ಸಹಜ.

ಹಾಗೆ ಅನ್ನಿಸಿದ ತಕ್ಷಣ ಹೆಚ್ಚಿನವರು ಮೊದಲು ಹೋಗುವುದು ಯಂತ್ರದ ಅಂಗಡಿಗೆ. ಅಲ್ಲಿ ಅಂಗಡಿಯವರು ಸಾಲಾಗಿ ನಿಲ್ಲಿಸಿದ ಡೆಕ್ ಓವನ್‌ಗಳನ್ನು ತೋರಿಸಿ, 'ಹೇಗೂ ಸಾಲ ಸಿಗುತ್ತದೆ, ಸಬ್ಸಿಡಿ ಇದೆ, ದೊಡ್ಡದನ್ನೇ ತೆಗೆದುಕೊಳ್ಳಿ' ಎನ್ನುತ್ತಾರೆ. ತಿಂಗಳ ಕಂತು ಕಟ್ಟುವವರು ಮಾತ್ರ ನೀವು. ವ್ಯಾಪಾರ ಸಾಲದೆ ಬಂದರೆ ಆ ಕಂತು ಹೋಗಿ ಬೀಳುವುದು ಹಾಲಿನ ಬಟವಾಡೆಯ ಮೇಲೆ. ಆದ್ದರಿಂದ ಓವನ್‌ನ ಅಳತೆಯನ್ನು ಅಂಗಡಿಯಲ್ಲಿ ತೀರ್ಮಾನಿಸಬೇಡಿ, ಸಂಘದ ಸಭೆಯಲ್ಲಿ ತೀರ್ಮಾನಿಸಿ. ಆ ಸಭೆಯಲ್ಲಿ ಯಾವ ಯಾವ ಲೆಕ್ಕ ಹಾಕಬೇಕು ಎಂಬುದನ್ನು ಇಲ್ಲಿ ಒಂದೊಂದಾಗಿ ನೋಡೋಣ.

ಡೆಕ್ ಓವನ್ ಅಂದರೆ ಏನು?

ಕಾವಲಿಯ ಮೇಲೆ ರೊಟ್ಟಿ ಹಾಕಿದರೆ ಕಾವು ಕೆಳಗಿನಿಂದ ಮಾತ್ರ ಬರುತ್ತದೆ. ಪಾತ್ರೆಯ ಮುಚ್ಚಳದ ಮೇಲೂ ಕೆಂಡ ಹಾಕಿದರೆ ಮೇಲಿನಿಂದಲೂ ಬೇಯುತ್ತದೆ. ಡೆಕ್ ಓವನ್ ಕೆಲಸ ಮಾಡುವುದು ಇದೇ ರೀತಿಯಲ್ಲಿ. ಎತ್ತರ ಕಡಿಮೆ ಇರುವ ಅಗಲವಾದ ಒಂದು ಗೂಡು, ಅದರ ನೆಲದ ಕೆಳಗೊಂದು ಕಾವು, ಛಾವಣಿಯಲ್ಲೊಂದು ಕಾವು. ಅಂಥ ಒಂದು ಗೂಡಿಗೆ ಒಂದು 'ಡೆಕ್' ಎಂದು ಹೆಸರು. ಒಂದರ ಮೇಲೊಂದು ಎರಡು ಇಟ್ಟರೆ ಎರಡು ಡೆಕ್, ಮೂರು ಇಟ್ಟರೆ ಮೂರು ಡೆಕ್.

ಒಂದು ಗೂಡಿನಲ್ಲಿ ಎಷ್ಟು ಟ್ರೇ ಹಿಡಿಯುತ್ತದೆ ಎಂಬುದರ ಮೇಲೆ ಓವನ್‌ಗೆ ಹೆಸರು ಬರುತ್ತದೆ: 1 ಡೆಕ್ 2 ಟ್ರೇ, 2 ಡೆಕ್ 4 ಟ್ರೇ, 3 ಡೆಕ್ 6 ಟ್ರೇ, ಹೀಗೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಟ್ರೇಯ ಅಳತೆ 400 × 600 ಮಿಲಿಮೀಟರ್, ಅಂದರೆ ಹತ್ತಿರ ಹತ್ತಿರ 16 × 24 ಇಂಚು. ಕೆಲವು ಓವನ್‌ಗಳಿಗೆ ಇದಕ್ಕಿಂತ ಚಿಕ್ಕ ಟ್ರೇ ಇರುತ್ತದೆ. ಆದ್ದರಿಂದ '2 ಟ್ರೇ' ಎಂದಷ್ಟೇ ಕೇಳಿ ಒಪ್ಪಬೇಡಿ, ಟ್ರೇಯ ಅಳತೆಯನ್ನೂ ಕೇಳಿ.

ಡೆಕ್ ಓವನ್‌ನಲ್ಲಿ ಎರಡು ಅನುಕೂಲಗಳಿವೆ. ಮೊದಲನೆಯದಾಗಿ, ಮೇಲಿನ ಕಾವು ಮತ್ತು ಕೆಳಗಿನ ಕಾವನ್ನು ಬೇರೆ ಬೇರೆಯಾಗಿ ಹೆಚ್ಚು ಕಡಿಮೆ ಮಾಡಬಹುದು. ಬೆಣ್ಣೆ, ಸಕ್ಕರೆ ಜಾಸ್ತಿ ಇರುವ ಬಿಸ್ಕತ್ತಿನ ತಳ ಬೇಗ ಸೀಯುತ್ತದೆ, ಆಗ ಕೆಳಗಿನ ಕಾವು ತಗ್ಗಿಸಬಹುದು. ಬನ್ನಿನ ತಲೆ ಕೆಂಪಾಗದಿದ್ದರೆ ಮೇಲಿನದನ್ನು ಏರಿಸಬಹುದು. ಎರಡನೆಯದಾಗಿ, ಪ್ರತಿ ಡೆಕ್‌ಗೂ ಅದರದೇ ಸ್ವಿಚ್ಚು ಇರುತ್ತದೆ. ಆರ್ಡರ್ ಕಡಿಮೆ ಇದ್ದ ದಿನ ಒಂದನ್ನೇ ಹಚ್ಚಿ ಇನ್ನೊಂದನ್ನು ಬಿಡಬಹುದು.

ಫ್ಯಾನ್ ಇರುವ ಕನ್ವೆಕ್ಷನ್ ಓವನ್‌ನಲ್ಲಿ ಬಿಸಿಗಾಳಿ ಸುತ್ತುತ್ತದೆ. ಬಿಸ್ಕತ್ತಿಗೆ ಅದೂ ಚೆನ್ನ, ಜಾಗವೂ ಕಡಿಮೆ ಸಾಕು. ಟ್ರಾಲಿಯನ್ನೇ ಒಳಗೆ ತಳ್ಳುವ ರೋಟರಿ ಓವನ್ ದೊಡ್ಡ ಬೇಕರಿಗಳ ಯಂತ್ರ. ಬನ್ನು, ಬ್ರೆಡ್ಡು, ಬಿಸ್ಕತ್ತು, ಕೇಕು ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡಬೇಕೆನ್ನುವ ಸಣ್ಣ ಸಂಘಕ್ಕೆ ಡೆಕ್ ಓವನ್ ಹೊಂದುತ್ತದೆ.

ಮೊದಲ ಲೆಕ್ಕ: ಹಾಲು ಕರೆಯುವ ವೇಳೆ

ನಿಮ್ಮ ದಿನಚರಿಯನ್ನು ಒಂದು ಕಾಗದದ ಮೇಲೆ ಬರೆಯಿರಿ. ಬೆಳಿಗ್ಗೆ ಕೊಟ್ಟಿಗೆ ಬಾಚಿ, ಹಾಲು ಕರೆದು, ಡೇರಿಗೆ ಹಾಕಿ, ಮಕ್ಕಳನ್ನು ಶಾಲೆಗೆ ಕಳಿಸಿ, ಹಸುವಿಗೆ ಮೇವು ಹಾಕುವ ಹೊತ್ತಿಗೆ ಒಂಬತ್ತೂವರೆ ಆಗುತ್ತದೆ. ಸಂಜೆ ನಾಲ್ಕಕ್ಕೆ ಮತ್ತೆ ಕೊಟ್ಟಿಗೆಯ ಕೆಲಸ. ನಡುವೆ ಸಿಗುವುದು ಹತ್ತರಿಂದ ಮೂರರವರೆಗೆ, ಐದು ಗಂಟೆ.

ಈಗ ಬನ್ನಿನ ಲೆಕ್ಕ ನೋಡಿ. ಹೋಟೆಲಿಗೆ ಬನ್ನು ಬೇಕಾಗುವುದು ಬೆಳಿಗ್ಗೆ ಏಳಕ್ಕೆ. 50 ಗ್ರಾಮಿನ ಬನ್ನು ಒಂದು ಟ್ರೇಗೆ 24 ಎಂದಿಟ್ಟುಕೊಳ್ಳಿ. 1 ಡೆಕ್ 2 ಟ್ರೇ ಓವನ್‌ನಲ್ಲಿ ಒಂದು ಸಲಕ್ಕೆ 48. ಬೇಯಲು 12ರಿಂದ 15 ನಿಮಿಷ, ಇಟ್ಟು ತೆಗೆಯುವುದೂ ಸೇರಿ 20 ನಿಮಿಷ. 300 ಬನ್ನಿಗೆ ಏಳು ಸಲ, ಅಂದರೆ ಎರಡು ಗಂಟೆ ಇಪ್ಪತ್ತು ನಿಮಿಷ. ಅದಕ್ಕೂ ಮುಂಚೆ ಹಿಟ್ಟು ಕಲಸಿ, ಉಬ್ಬಿಸಿ, ಉಂಡೆ ಕಟ್ಟಿ ಮತ್ತೆ ಉಬ್ಬಿಸಬೇಕು. ಅಂದರೆ ನಡುರಾತ್ರಿಯೇ ಎದ್ದು ಕೆಲಸ ಶುರು ಮಾಡಬೇಕು. ಉಬ್ಬಿದ ಹಿಟ್ಟು ಯಾರಿಗೂ ಕಾಯುವುದಿಲ್ಲ. ಕರೆಯುವ ಹೊತ್ತಾದ ಹಸುವೂ ಕಾಯುವುದಿಲ್ಲ. ಒಬ್ಬಳೇ ಎರಡನ್ನೂ ನೋಡಿಕೊಳ್ಳಲಾಗದು.

ಬಿಸ್ಕತ್ತು ಮತ್ತು ರಸ್ಕಿಗೆ ಈ ಅವಸರವಿಲ್ಲ. ಹಗಲಲ್ಲಿ ಬೇಯಿಸಿ, ಪೂರ್ತಿ ಆರಿಸಿ, ಗಾಳಿಯಾಡದಂತೆ ಪ್ಯಾಕ್ ಮಾಡಿ, ಮರುದಿನವೋ ಸಂತೆಯ ದಿನವೋ ಮಾರಬಹುದು. ಒಂದು ದಿನ ಮಾರದೆ ಉಳಿದರೆ ಎಸೆಯಬೇಕಾಗಿಲ್ಲ. ಹೈನು ಮಾಡುವ ಮನೆಗೆ ಹೊಂದುವುದು ಇಂಥ ತಿಂಡಿ. ಬನ್ನು ಮಾಡಲೇಬೇಕು ಎಂದಿದ್ದರೆ, ಸಂಘದಲ್ಲಿ ಹಸು ಇಲ್ಲದ ಅಥವಾ ಹಸು ಬತ್ತಿಸಿರುವ ಸದಸ್ಯೆಯರಿಗೆ ಬೆಳಗಿನ ಪಾಳಿ ಹಂಚಿಕೊಡಬಹುದೇ ಎಂದು ಮೊದಲು ಮಾತಾಡಿಕೊಳ್ಳಿ.

ಏನು ಮಾಡುತ್ತೀರಿ, ಯಾವ ಹೊತ್ತಿನಲ್ಲಿ ಮಾಡುತ್ತೀರಿ ಎಂಬುದು ತೀರ್ಮಾನವಾದರೆ ಓವನ್‌ನ ಅರ್ಧ ತೀರ್ಮಾನ ಆದಂತೆಯೇ.

ಎರಡನೇ ಲೆಕ್ಕ: ಮಾರಾಟ ಎಷ್ಟು, ಟ್ರೇ ಎಷ್ಟು

ಹತ್ತು ಮಂದಿಯ ಒಂದು ಸಂಘ ಬೆಣ್ಣೆ ಬಿಸ್ಕತ್ತು ಮಾಡುತ್ತದೆ ಎಂದಿಟ್ಟುಕೊಂಡು ಒಂದು ಮಾದರಿ ಲೆಕ್ಕ ಹಾಕೋಣ. ಒಂದು ಟ್ರೇಗೆ ಸಣ್ಣ ಬಿಸ್ಕತ್ತು 48 ಇಟ್ಟರೆ ಬೆಂದ ಮೇಲೆ ಸುಮಾರು 600 ಗ್ರಾಂ ಬರುತ್ತದೆ. 1 ಡೆಕ್ 2 ಟ್ರೇಯಲ್ಲಿ ಒಂದು ಸಲಕ್ಕೆ 1.2 ಕೆ.ಜಿ. ಇಟ್ಟು ತೆಗೆಯುವುದೂ ಸೇರಿ ಒಂದು ಸಲಕ್ಕೆ 25 ನಿಮಿಷ. ಐದು ಗಂಟೆಯಲ್ಲಿ ಅರ್ಧ ಗಂಟೆ ಓವನ್ ಕಾಯಲು ಹೋಗುತ್ತದೆ. ಉಳಿದ ನಾಲ್ಕೂವರೆ ಗಂಟೆಯಲ್ಲಿ ಹತ್ತು ಸಲ ಬೇಯಿಸಬಹುದು. ದಿನಕ್ಕೆ 12 ಕೆ.ಜಿ., ವಾರಕ್ಕೆ ಐದು ದಿನ ಕೆಲಸವಾದರೆ 60 ಕೆ.ಜಿ. 2 ಡೆಕ್ 4 ಟ್ರೇ ಆದರೆ ಇದರ ಎರಡರಷ್ಟು, 120 ಕೆ.ಜಿ.

ಈಗ ನಿಮ್ಮನ್ನೇ ಕೇಳಿಕೊಳ್ಳಿ: ವಾರಕ್ಕೆ 120 ಕೆ.ಜಿ. ಬಿಸ್ಕತ್ತನ್ನು ಕೊಳ್ಳುವವರು ಯಾರು? ಊರಿನ ಅಂಗಡಿ ಎಷ್ಟು, ಶಾಲೆ ಹತ್ತಿರದ ಅಂಗಡಿ ಎಷ್ಟು, ಸಂತೆ ಎಷ್ಟು, ಪೇಟೆಯ ಹೋಟೆಲು ಎಷ್ಟು? ಹೆಸರು ಬರೆದು, ಹೋಗಿ ಕೇಳಿ ಬಂದು, ಪಕ್ಕದಲ್ಲಿ ಕೆ.ಜಿ. ಬರೆಯಿರಿ. 'ಮಾಡಿದರೆ ಮಾರಿ ಹೋಗುತ್ತದೆ' ಎಂಬ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಹಣದ ಲೆಕ್ಕವೂ ಇದರ ಜೊತೆಯಲ್ಲೇ ಇದೆ. ಹಿಟ್ಟು, ಬೆಣ್ಣೆ, ಸಕ್ಕರೆ, ಕರೆಂಟು, ಪ್ಯಾಕೆಟ್ಟು ಎಲ್ಲ ಕಳೆದು ಕೆ.ಜಿ.ಗೆ 40 ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಳ್ಳಿ. ಚಿಕ್ಕ ಓವನ್ ಕೊಂಡು ಕಂತು ತಿಂಗಳಿಗೆ 8,000 ರೂಪಾಯಿ ಬಂದರೆ, ಕಂತಿಗಷ್ಟೇ 200 ಕೆ.ಜಿ. ಮಾರಬೇಕು. ನೀವು ಮಾರುವುದು ತಿಂಗಳಿಗೆ 240 ಕೆ.ಜಿ. ಆದರೆ ಕೈಗೆ ಉಳಿಯುವುದು 40 ಕೆ.ಜಿ.ಯ ಲಾಭ, 1,600 ರೂಪಾಯಿ. ಹತ್ತು ಮಂದಿಗೆ ತಲಾ 160. ಕಡಿಮೆಯೇ, ಆದರೆ ಯಂತ್ರ ತನ್ನ ಕಂತನ್ನು ತಾನೇ ದುಡಿಯುತ್ತಿದೆ. ಮಾರಾಟ ಹೆಚ್ಚಿದಂತೆ ಬರುವುದೆಲ್ಲ ನಿಮ್ಮದೇ.

ಅದೇ ಸಂಘ ದೊಡ್ಡ ಓವನ್ ಕೊಂಡು ಕಂತು 14,000 ರೂಪಾಯಿ ಆಯಿತು ಎನ್ನಿ. ಕಂತಿಗೇ 350 ಕೆ.ಜಿ. ಮಾರಬೇಕು. ಮಾರುವುದು 240 ಆದರೆ ತಿಂಗಳಿಗೆ 4,400 ರೂಪಾಯಿ ಕೊರತೆ. ಹತ್ತು ಮಂದಿ ತಲಾ 440 ರೂಪಾಯಿಯನ್ನು ಹಾಲಿನ ಹಣದಿಂದ ತಂದು ಹಾಕಬೇಕು. ಎರಡೂ ಲೆಕ್ಕದಲ್ಲಿ ಬಿಸ್ಕತ್ತು ಅಷ್ಟೇ, ದುಡಿಮೆ ಅಷ್ಟೇ, ಗಿರಾಕಿಗಳೂ ಅವರೇ. ಬದಲಾಗಿದ್ದು ಓವನ್‌ನ ಅಳತೆ ಮಾತ್ರ. ಇಲ್ಲಿನ ಅಂಕಿಗಳು ಉದಾಹರಣೆಗೆ. ನಿಮ್ಮ ಅಂಕಿ ಹಾಕಿ ಇದೇ ರೀತಿ ಲೆಕ್ಕ ಮಾಡಿ.

ಆದ್ದರಿಂದ ಚಿಕ್ಕದರಿಂದ ಶುರು ಮಾಡಿ. ಆದರೆ ಮುಂದೆ ಅದೇ ಓವನ್‌ನ ಮೇಲೆ ಇನ್ನೊಂದು ಡೆಕ್ ಕೂರಿಸಲು ಬರುವ ಮಾದರಿಯನ್ನೇ ಕೇಳಿ. ಕಡಸು ತಂದು ಸಾಕಿ ಕೊಟ್ಟಿಗೆ ಬೆಳೆಸುವುದು ನಮಗೆ ಗೊತ್ತಿಲ್ಲದ ದಾರಿಯಲ್ಲ.

ಮೂರನೇ ಲೆಕ್ಕ: ಕರೆಂಟೋ, ಗ್ಯಾಸೋ?

ಡೆಕ್ ಓವನ್ ಕರೆಂಟಿನಲ್ಲೂ ಬರುತ್ತದೆ, ಗ್ಯಾಸಿನಲ್ಲೂ ಬರುತ್ತದೆ. ಹಳ್ಳಿಯಲ್ಲಿ ಬೇಕರಿ ಮಾಡುವವರು ಹೆಚ್ಚು ಯೋಚಿಸಬೇಕಾದ ವಿಷಯ ಇದು.

ಕರೆಂಟಿನ 1 ಡೆಕ್ 2 ಟ್ರೇ ಓವನ್‌ಗೆ ಸುಮಾರು 6ರಿಂದ 7 ಕಿಲೋವ್ಯಾಟ್ ಬೇಕು. 2 ಡೆಕ್ 4 ಟ್ರೇಗೆ ಅದರ ಎರಡರಷ್ಟು, 13 ಕಿಲೋವ್ಯಾಟ್ ಹತ್ತಿರ. ಮನೆಯ 16 ಆಂಪಿಯರ್ ಪ್ಲಗ್ಗು ತಡೆಯುವುದು ಮೂರೂವರೆ ಕಿಲೋವ್ಯಾಟ್ ಮಾತ್ರ. ಆದ್ದರಿಂದ ತ್ರೀ ಫೇಸ್ ಸಂಪರ್ಕ, ಹೊಸ ವೈರಿಂಗ್, ಮಂಜೂರಾದ ಲೋಡ್ ಹೆಚ್ಚಿಸುವುದು ಇವೆಲ್ಲ ಬೇಕಾಗುತ್ತವೆ. ಓವನ್‌ಗೆ ಮುಂಗಡ ಕೊಡುವ ಮೊದಲು ನಿಮ್ಮ ಭಾಗದ ಎಸ್ಕಾಂ ಕಚೇರಿಗೆ ಹೋಗಿ ಕೇಳಿ: ಅಷ್ಟು ಲೋಡ್ ಕೊಡುತ್ತಾರೆಯೇ, ನಿಮ್ಮ ಟಿ.ಸಿ. ತಡೆಯುತ್ತದೆಯೇ, ಠೇವಣಿ ಎಷ್ಟು, ಎಷ್ಟು ದಿನ ಹಿಡಿಯುತ್ತದೆ. ಯೂನಿಟ್ಟಿನ ಬೆಲೆಯಲ್ಲದೆ, ಮಂಜೂರಾದ ಪ್ರತಿ ಕಿಲೋವ್ಯಾಟಿಗೆ ತಿಂಗಳ ನಿಗದಿ ಶುಲ್ಕವೂ ಇದೆ. ಓವನ್ ಹಚ್ಚದ ತಿಂಗಳೂ ಅದು ಬಿಲ್ಲಿನಲ್ಲಿ ಬರುತ್ತದೆ.

'ತೋಟದ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಇದೆಯಲ್ಲ, ಅಲ್ಲಿಂದಲೇ ಎಳೆದರಾಯಿತು' ಎಂದು ಯಾರಾದರೂ ಹೇಳಬಹುದು. ಹಾಗೆ ಮಾಡಬೇಡಿ. ಆ ಸಂಪರ್ಕ ನೀರಾವರಿಗೆ ಕೊಟ್ಟಿದ್ದು. ಬೇರೆ ಕೆಲಸಕ್ಕೆ ಬಳಸಿದರೆ ದಂಡ ಬೀಳುತ್ತದೆ, ಸಂಪರ್ಕವೂ ಹೋಗಬಹುದು. ಅಲ್ಲದೆ ಅದಕ್ಕೆ ತ್ರೀ ಫೇಸ್ ಬರುವುದು ದಿನದಲ್ಲಿ ಕೆಲವೇ ಗಂಟೆ, ಒಮ್ಮೊಮ್ಮೆ ರಾತ್ರಿ ಪಾಳಿ. ಡೇರಿಯ ಬಿಎಂಸಿ ಲೈನಿಗೂ ಕೈ ಹಾಕಬೇಡಿ. ಊರಿನ ಹಾಲು ತಂಪಾಗಿರುವುದು ಅದನ್ನು ನಂಬಿ.

ಹಳ್ಳಿಯಲ್ಲಿ ವೋಲ್ಟೇಜ್ ಇಳಿಯುವುದು ಎಲ್ಲರಿಗೂ ಗೊತ್ತು. ಆದರೆ ಓವನ್‌ಗೆ ಅದರಿಂದ ಆಗುವ ನಷ್ಟ ನಾವು ಎಣಿಸುವುದಕ್ಕಿಂತ ಹೆಚ್ಚು. 230 ವೋಲ್ಟ್ ಇರಬೇಕಾದಲ್ಲಿ 200 ಬಂದರೆ ಕಾಯಿಲ್ ಕೊಡುವ ಕಾವು ಮುಕ್ಕಾಲಿಗೆ ಇಳಿಯುತ್ತದೆ. ಅರ್ಧ ಗಂಟೆಯಲ್ಲಿ ಕಾಯಬೇಕಾದ ಓವನ್ ಮುಕ್ಕಾಲು ಗಂಟೆ ತೆಗೆದುಕೊಳ್ಳಬಹುದು. ಮೂರರಲ್ಲಿ ಒಂದು ಫೇಸ್ ಹೋದರೆ ಕೆಲವು ಕಾಯಿಲ್‌ಗಳು ಸುಮ್ಮನಾಗಿ ಬಿಸ್ಕತ್ತು ಒಂದು ಕಡೆ ಬೆಂದು ಇನ್ನೊಂದು ಕಡೆ ಹಸಿಯಾಗಿ ಉಳಿಯುತ್ತದೆ. ಒಂದು ವಾರ ಹತ್ತರಿಂದ ಮೂರರ ನಡುವೆ ಗಂಟೆಗೊಮ್ಮೆ ವೋಲ್ಟೇಜ್ ನೋಡಿ ಬರೆದಿಡಿ. ಎಲೆಕ್ಟ್ರಿಷಿಯನ್‌ ಹತ್ತಿರ ಇರುವ ಸಣ್ಣ ಮೀಟರ್ ಸಾಕು.

ಕರೆಂಟಿನ ಖರ್ಚಿನ ಲೆಕ್ಕ ಸುಲಭ. 6.5 ಕಿಲೋವ್ಯಾಟಿನ ಓವನ್ ಕಾಯುವ ಅರ್ಧ ಗಂಟೆಗೆ 3 ಯೂನಿಟ್‌ಗಿಂತ ಸ್ವಲ್ಪ ಹೆಚ್ಚು. ಆಮೇಲೆ ಥರ್ಮೋಸ್ಟಾಟ್ ಕಾವನ್ನು ಆಗಾಗ ನಿಲ್ಲಿಸಿ ಹಚ್ಚುತ್ತದೆ. ಅರ್ಧ ಹೊತ್ತು ಉರಿಯುತ್ತದೆ ಎಂದುಕೊಂಡರೆ ನಾಲ್ಕೂವರೆ ಗಂಟೆಗೆ 15 ಯೂನಿಟ್. ಒಟ್ಟು 18 ಯೂನಿಟ್, 12 ಕೆ.ಜಿ. ಬಿಸ್ಕತ್ತಿಗೆ. ಅಂದರೆ ಕೆ.ಜಿ.ಗೆ ಒಂದೂವರೆ ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಎಂದು ಹಿಡಿದರೆ ಕೆ.ಜಿ.ಗೆ 12 ರೂಪಾಯಿ. ನಿಮ್ಮ ಬಿಲ್ಲಿನ ದರ ಹಾಕಿ ನೋಡಿಕೊಳ್ಳಿ. ಅರ್ಧ ಟ್ರೇ ಬೇಯಿಸಿದರೂ ಕರೆಂಟು ಹತ್ತಿರ ಹತ್ತಿರ ಅಷ್ಟೇ ಹೋಗುತ್ತದೆ ಎಂಬುದು ನೆನಪಿರಲಿ.

ಗ್ಯಾಸಿನ ಓವನ್‌ಗೆ ಕಾವು ಸಿಲಿಂಡರಿನಿಂದ ಬರುತ್ತದೆ. ಕಿಡಿ ಹೊತ್ತಿಸಲು, ಕಾವು ಅಳೆಯಲು ಮಾತ್ರ ಸ್ವಲ್ಪ ಕರೆಂಟು ಬೇಕು, ಒಂದೆರಡು ಬಲ್ಬಿನಷ್ಟು. ಆದ್ದರಿಂದ ಕರೆಂಟು ಹೋದರೂ ಮನೆಯ ಯುಪಿಎಸ್‌ನಿಂದ ಕೆಲಸ ನಡೆಸಬಹುದು. ಕರೆಂಟಿನ ಓವನ್ ಆದರೆ ಅದಕ್ಕೆ ದೊಡ್ಡ ಜನರೇಟರೇ ಬೇಕು. ಹಗಲು ಹೊತ್ತಿನಲ್ಲಿ ಕರೆಂಟು ನಂಬುವಂತಿಲ್ಲದ ಊರಿಗೆ ಗ್ಯಾಸಿನದು ಒಳ್ಳೆಯದು.

ಗ್ಯಾಸಿಗೂ ನಿಯಮಗಳಿವೆ. ವ್ಯಾಪಾರಕ್ಕೆ ಬಳಸಬೇಕಾದ್ದು 19 ಕೆ.ಜಿ.ಯ ವಾಣಿಜ್ಯ ಸಿಲಿಂಡರ್. ಮನೆಯ 14.2 ಕೆ.ಜಿ. ಸಿಲಿಂಡರನ್ನು ಬೇಕರಿಗೆ ಬಳಸುವುದು ಅಪರಾಧ. ಖರ್ಚಿನ ಲೆಕ್ಕಕ್ಕೆ, ಅದೇ ಮಾದರಿಯ ಓವನ್ ಬಳಸುತ್ತಿರುವ ಬೇಕರಿಯವರನ್ನು 'ಒಂದು ಸಿಲಿಂಡರಿಗೆ ಎಷ್ಟು ಟ್ರೇ ಬೇಯುತ್ತದೆ' ಎಂದು ಕೇಳಿ. ವಾಣಿಜ್ಯ ಸಿಲಿಂಡರ್ ನಿಮ್ಮ ಊರಿಗೆ ತಂದುಕೊಡುತ್ತಾರೋ, ನೀವೇ ಹೋಗಿ ತರಬೇಕೋ ಎಂಬುದನ್ನೂ ತಿಳಿದುಕೊಳ್ಳಿ.

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗದೆ ನೆಲದಲ್ಲೇ ಹರಡಿ ನಿಲ್ಲುತ್ತದೆ. ಆದ್ದರಿಂದ ಕಿಟಕಿ ಮಾತ್ರ ಇದ್ದರೆ ಸಾಲದು, ನೆಲದ ಮಟ್ಟದಲ್ಲೂ ಗಾಳಿ ಆಡಲು ಜಾಲರಿ ಬೇಕು. ಸಿಲಿಂಡರನ್ನು ಹೊರಗೆ ನೆರಳಿನಲ್ಲಿ ನೆಟ್ಟಗೆ ನಿಲ್ಲಿಸಿ. ಹುಲ್ಲಿನ ಮೆದೆ, ಒಣ ಮೇವು, ಸೌದೆ ಅದರ ಹತ್ತಿರ ಇರಬಾರದು.

ಕೊಠಡಿ ಮತ್ತು ಕೊಟ್ಟಿಗೆ

ಬೇಕರಿಯ ಕೊಠಡಿ ಕೊಟ್ಟಿಗೆ ಮತ್ತು ತಿಪ್ಪೆಯಿಂದ ದೂರ ಇರಲಿ. ನೊಣ ಬಾರದಂತೆ ಕಿಟಕಿ ಬಾಗಿಲಿಗೆ ಜಾಲರಿ, ತೊಳೆಯಲು ಬರುವ ನೆಲ, ಕೈ ತೊಳೆಯಲು ಪ್ರತ್ಯೇಕ ನಲ್ಲಿ ಬೇಕು. ಎಫ್‌ಎಸ್‌ಎಸ್‌ಎಐ ನೋಂದಣಿ ಇಲ್ಲದೆ ತಿಂಡಿ ಮಾರುವಂತಿಲ್ಲ. ಹಾಲು ಕರೆದ ಬಟ್ಟೆಯಲ್ಲೇ ಹಿಟ್ಟಿಗೆ ಕೈ ಹಾಕಬಾರದು. ಬೇಕರಿಗೆ ಬೇರೆ ಸೀರೆ ಅಥವಾ ಏಪ್ರನ್ನು, ತಲೆಗೆ ಟೋಪಿ ಇಟ್ಟುಕೊಳ್ಳಿ.

ಬಾಗಿಲಿನ ಅಳತೆ ತೆಗೆಯುವುದನ್ನು ಮರೆಯಬೇಡಿ. ಎರಡು ಟ್ರೇ ಅಕ್ಕಪಕ್ಕ ಕೂರುವ ಓವನ್‌ನ ಹೊರ ಅಗಲ ಸುಮಾರು ನಾಲ್ಕು ಅಡಿ. ನಮ್ಮ ಮನೆಗಳ ಬಾಗಿಲು ಮೂರು ಅಡಿ. ಓರೆ ಮಾಡಿ ಒಳಗೆ ತರಲು ಬರುತ್ತದೆಯೇ ಎಂದು ಟೇಪು ಹಿಡಿದು ನೋಡಿ. ಓವನ್‌ನ ಹಿಂದೆ, ಪಕ್ಕದಲ್ಲಿ ಗಾಳಿಯಾಡಲು ಜಾಗ ಬಿಡಬೇಕು. ಮುಂದೆ ಬಿಸಿ ಟ್ರೇ ಹಿಡಿದು ತಿರುಗಲು ನಾಲ್ಕು ಅಡಿಯಾದರೂ ಬೇಕು. ಅರ್ತಿಂಗ್ ಸರಿಯಾಗಿ ಮಾಡಿಸಿ. ಒದ್ದೆ ನೆಲ, ಒದ್ದೆ ಕೈ, ಕಬ್ಬಿಣದ ಯಂತ್ರ ಮೂರೂ ಸೇರುವ ಜಾಗದಲ್ಲಿ ಇದು ಪ್ರಾಣದ ಪ್ರಶ್ನೆ. ಶಾಕ್ ಹೊಡೆದರೆ ತಕ್ಷಣ ಕರೆಂಟು ಕಡಿಯುವ ಆರ್‌ಸಿಸಿಬಿ ಹಾಕಿಸಿ.

ಅಂಗಡಿಯಲ್ಲಿ ಏನು ನೋಡಬೇಕು?

ಹಸು ಕೊಳ್ಳುವಾಗ ಮಾರುವವರ ಮಾತು ಕೇಳಿ ಹಣ ಕೊಡುತ್ತೇವೆಯೇ? ಎರಡು ಮೂರು ಹೊತ್ತು ನಾವೇ ಕೂತು ಕರೆದು ನೋಡುತ್ತೇವೆ. ಓವನ್‌ಗೂ ಅದೇ ಕ್ರಮ. ನಿಮ್ಮ ಹಿಟ್ಟನ್ನು, ನಿಮ್ಮ ಅಳತೆಯ ಬಿಸ್ಕತ್ತನ್ನು ತೆಗೆದುಕೊಂಡು ಹೋಗಿ ಅಲ್ಲೇ ಬೇಯಿಸಿ ತೋರಿಸಲು ಹೇಳಿ. ಒಪ್ಪದಿದ್ದರೆ ಬೇರೆ ಅಂಗಡಿಗೆ ಹೋಗಿ.

ಕಾವು ಸಮವಾಗಿದೆಯೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಟ್ರೇ ತುಂಬ ಬಿಳಿ ಬ್ರೆಡ್ಡಿನ ಹೋಳುಗಳನ್ನು ಸಾಲಾಗಿ ಇಟ್ಟು ಕಾದ ಓವನ್‌ನಲ್ಲಿ ಕೆಲವು ನಿಮಿಷ ಬಿಡಿ. ಎಲ್ಲ ಹೋಳುಗಳೂ ಒಂದೇ ಬಣ್ಣಕ್ಕೆ ತಿರುಗಿದರೆ ಒಳ್ಳೆಯದು. ಬಾಗಿಲ ಬಳಿ ಬಿಳಿ, ಹಿಂದಿನ ಮೂಲೆಯಲ್ಲಿ ಕಪ್ಪು ಆದರೆ ದಿನವೂ ಟ್ರೇ ತಿರುಗಿಸುತ್ತ ಇರಬೇಕಾಗುತ್ತದೆ. ಒಂದು ಓವನ್ ಥರ್ಮಾಮೀಟರ್ ಒಳಗಿಟ್ಟು, ಹೊರಗಿನ ಅಂಕಿಗೂ ಅದಕ್ಕೂ ಹೊಂದುತ್ತದೆಯೇ ನೋಡಿ. ಬೆಣ್ಣೆ ಬಿಸ್ಕತ್ತಿಗೆ ಬೇಕಾದ್ದು 160ರಿಂದ 180 ಡಿಗ್ರಿ, ಬನ್ನಿಗೆ 200ರಿಂದ 220. ಇಪ್ಪತ್ತು ಡಿಗ್ರಿ ತಪ್ಪಿದರೂ ಟ್ರೇ ಕೆಡುತ್ತದೆ.

ಒಂದು ಗಂಟೆ ಉರಿದ ಮೇಲೆ ಓವನ್‌ನ ಹೊರಮೈ ಹತ್ತಿರ ಕೈ ಹಿಡಿಯಿರಿ. ಕೈ ಇಡಲಾರದಷ್ಟು ಬಿಸಿ ಇದ್ದರೆ ಒಳಗಿನ ಉಣ್ಣೆಯ ಪದರ ತೆಳುವಾಗಿದೆ ಎಂದರ್ಥ. ನೀವು ಕೊಟ್ಟ ಕರೆಂಟು ಕೊಠಡಿಯನ್ನು ಕಾಯಿಸುತ್ತಿದೆ, ಬಿಸ್ಕತ್ತನ್ನಲ್ಲ. ಬಾಗಿಲು ಬಿಗಿಯಾಗಿ ಕೂರುತ್ತದೆಯೇ, ಗಾಜಿನಲ್ಲಿ ಒಳಗಿನದು ಕಾಣುತ್ತದೆಯೇ, ಒಳಗೆ ದೀಪ ಇದೆಯೇ ನೋಡಿ. ಬಾಗಿಲು ತೆರೆದು ಇಣುಕಿದಷ್ಟೂ ಕಾವು ಹೊರಗೆ ಹೋಗುತ್ತದೆ.

ಒಳ ನೆಲ ಕಲ್ಲಿನದೋ, ತಗಡಿನದೋ ಎಂದು ಕೇಳುತ್ತಾರೆ. ಕಲ್ಲು ನಿಧಾನವಾಗಿ ಕಾದು ಕಾವನ್ನು ಬಹಳ ಹೊತ್ತು ಹಿಡಿದಿಡುತ್ತದೆ. ಹಿಟ್ಟನ್ನು ನೇರವಾಗಿ ನೆಲದ ಮೇಲೆ ಹಾಕುವ ಪಿಜ್ಜಾ, ಗಟ್ಟಿ ತೊಗಟೆಯ ಬ್ರೆಡ್ಡಿಗೆ ಅದು ಬೇಕು. ಟ್ರೇಯಲ್ಲಿ ಬೇಯಿಸುವ ಬಿಸ್ಕತ್ತು, ಬನ್ನಿಗೆ ತಗಡಿನ ನೆಲ ಸಾಕು. ಹಬೆ ಬಿಡುವ ಸೌಲಭ್ಯವೂ ಹಾಗೆಯೇ. ಬೇಡದ್ದಕ್ಕೆ ಹಣ ಕೊಡಬೇಡಿ.

'ಪೂರ್ತಿ 304 ಸ್ಟೀಲ್' ಎಂದು ಹೇಳಿದರೆ ಅದನ್ನು ಕೊಟೇಷನ್ನಿನಲ್ಲಿ ಬರೆಸಿ. ಅಯಸ್ಕಾಂತ ಹಿಡಿದು ನೋಡುವುದರಿಂದ ಗೊತ್ತಾಗುವುದಿಲ್ಲ. ಅಗ್ಗದ 202 ಸ್ಟೀಲಿಗೂ ಅಯಸ್ಕಾಂತ ಅಂಟುವುದಿಲ್ಲ.

ಕೊನೆಯದಾಗಿ ರಿಪೇರಿ. ಲೈನರ್ ಸಿಗದೆ ಮೂಲೆ ಸೇರಿದ ಹಾಲು ಕರೆಯುವ ಯಂತ್ರಗಳನ್ನು ನೀವು ನೋಡಿರುತ್ತೀರಿ. ಓವನ್‌ನಲ್ಲಿ ಕೆಡುವುದು ಮುಖ್ಯವಾಗಿ ಕಾಯಿಲ್, ಥರ್ಮೋಸ್ಟಾಟ್, ಗ್ಯಾಸಿನದಾದರೆ ಕಿಡಿ ಹೊತ್ತಿಸುವ ಭಾಗ. ಇವು ಎಲ್ಲಿ ಸಿಗುತ್ತವೆ, ಬೆಲೆ ಎಷ್ಟು, ರಿಪೇರಿಯವರು ಎಷ್ಟು ದೂರದಿಂದ ಬರಬೇಕು, ವಾರಂಟಿಯಲ್ಲಿ ಇವೂ ಸೇರಿವೆಯೇ ಎಂದು ಬರಹದಲ್ಲಿ ಕೇಳಿ. ಹಳೆಯ ಓವನ್ ಕೊಳ್ಳುವುದಾದರೆ ಉರಿಸಿ ನೋಡದೆ ಕೊಳ್ಳಬೇಡಿ. ಒಳ ನೆಲ ತುಕ್ಕು ಹಿಡಿದಿದೆಯೇ, ಬಗ್ಗಿದೆಯೇ ನೋಡಿ.

ಸಾಲ ಮತ್ತು ಸಬ್ಸಿಡಿ

ಆಹಾರ ಸಂಸ್ಕರಣೆಯ ಸಣ್ಣ ಘಟಕಗಳಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ ಪಿಎಂಎಫ್‌ಎಂಇ ಯೋಜನೆ ತಂದಿತು. ಅದರಲ್ಲಿ ಯಂತ್ರದ ವೆಚ್ಚಕ್ಕೆ ಶೇ 35, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ನಿಗದಿಯಾಯಿತು. ಕರ್ನಾಟಕ ಸರ್ಕಾರ ತನ್ನ ಪಾಲು ಸೇರಿಸಿ ಅದನ್ನು ಶೇ 50, ಗರಿಷ್ಠ 15 ಲಕ್ಷ ರೂಪಾಯಿಗೆ ಏರಿಸಿತು. ರಾಜ್ಯದಲ್ಲಿ ಕೆಪೆಕ್ ಸಂಸ್ಥೆ ಇದನ್ನು ನೋಡಿಕೊಳ್ಳುತ್ತದೆ. ಅರ್ಜಿ ಹಾಕುವ ದಿನ ಯಾವ ನಿಯಮ ಚಾಲ್ತಿಯಲ್ಲಿದೆ ಎಂದು ಕೃಷಿ ಇಲಾಖೆಯಲ್ಲಿ ಅಥವಾ ಜಿಲ್ಲಾ ಸಂಪನ್ಮೂಲ ವ್ಯಕ್ತಿಯವರಲ್ಲಿ ವಿಚಾರಿಸಿ.

ಇಲ್ಲಿ ಒಂದು ಮಾತು ಚೆನ್ನಾಗಿ ತಿಳಿದುಕೊಳ್ಳಬೇಕು. ಈ ಸಹಾಯಧನ ಕೈಗೆ ಬರುವ ಹಣವಲ್ಲ. ಬ್ಯಾಂಕ್ ಸಾಲಕ್ಕೆ ಸೇರಿಕೊಂಡು ಬರುವಂಥದ್ದು. ಘಟಕ ನಡೆಯುತ್ತಿದ್ದು, ಸಾಲದ ಕಂತು ಸರಿಯಾಗಿ ಕಟ್ಟುತ್ತಿದ್ದರೆ ಮೂರು ವರ್ಷದ ನಂತರ ಅದು ಸಾಲಕ್ಕೆ ಜಮೆಯಾಗುತ್ತದೆ. ನಿಮ್ಮ ಪಾಲಿನ ಹಣ ಶೇ 10 ಆದರೂ ಹಾಕಬೇಕು. 'ಅರ್ಧ ಬಿಟ್ಟಿ' ಎಂದು ಎರಡರಷ್ಟು ದೊಡ್ಡ ಓವನ್ ಕೊಂಡು, ಕಂತು ನಿಂತು ಹೋದರೆ ಸಹಾಯಧನವೂ ಹೋಗುತ್ತದೆ, ಸಾಲವೂ ಉಳಿಯುತ್ತದೆ.

ಕೊಟೇಷನ್ ಮೂರು ಕಡೆ ತೆಗೆದುಕೊಳ್ಳಿ. ಜಿಎಸ್‌ಟಿ, ಸಾಗಣೆ, ಕೂರಿಸುವ ಖರ್ಚು ಎಲ್ಲ ಸೇರಿದ ದರವನ್ನೇ ಕೇಳಿ. ಓವನ್ ಒಂದರಿಂದ ಬೇಕರಿ ಆಗುವುದಿಲ್ಲ. ಹಿಟ್ಟು ಕಲಸುವ ಮಿಕ್ಸರ್, ಮೇಜು, ರ‍್ಯಾಕು, ಪ್ಯಾಕಿಂಗ್ ಯಂತ್ರ, ಓವನ್ ಹಿಡಿಯುವುದಕ್ಕಿಂತ ಎರಡರಷ್ಟು ಟ್ರೇ, ಒಂದೆರಡು ತಿಂಗಳಿಗೆ ಹಿಟ್ಟು ಬೆಣ್ಣೆಯ ಹಣ ಇವೆಲ್ಲಕ್ಕೂ ಸಾಲದಲ್ಲಿ ಜಾಗ ಇರಲಿ.

ಕಲಿತು ಕೊಳ್ಳಿ, ಕೊಂಡು ಕಲಿಯಬೇಡಿ

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಆವರಣದಲ್ಲಿ ಬೇಕರಿ ತರಬೇತಿ ಕೇಂದ್ರ ಇದೆ. ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಹಿಟ್ಟು ಮತ್ತು ಬೇಕರಿ ತಂತ್ರಜ್ಞಾನಕ್ಕೇ ಒಂದು ವಿಭಾಗವಿದೆ. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟಿಯ ಮಾದರಿಯಲ್ಲಿ ಜಿಲ್ಲೆ ಜಿಲ್ಲೆಗೂ ಬಂದಿರುವ ಆರ್‌ಸೆಟಿಗಳಲ್ಲಿ ಊಟ ವಸತಿ ಸಹಿತ ಉಚಿತ ತರಬೇತಿ ಸಿಗುತ್ತದೆ. ನಿಮ್ಮ ಜಿಲ್ಲೆಯಲ್ಲಿ ಬೇಕರಿಯ ತಂಡ ಯಾವಾಗ ಇದೆ ಎಂದು ವಿಚಾರಿಸಿ. ಸಂಘದಿಂದ ಇಬ್ಬರಾದರೂ ಹೋಗಿ ಬನ್ನಿ. ಒಬ್ಬರ ಮನೆಯಲ್ಲಿ ಹಸು ಕರು ಹಾಕಿದ ದಿನ ಇನ್ನೊಬ್ಬರು ಓವನ್ ನೋಡಿಕೊಳ್ಳಬೇಕಲ್ಲ.

ತರಬೇತಿ ಮುಗಿದ ಮೇಲೂ ಅವಸರ ಬೇಡ. ಮನೆಯಲ್ಲಿ ಬಳಸುವ ಸಣ್ಣ ಓಟಿಜಿಯಲ್ಲಿ ಎರಡು ತಿಂಗಳು ಮಾಡಿ, ಬಂಧುಬಳಗಕ್ಕೆ ಕೊಟ್ಟು, ಅಂಗಡಿಗೆ ಒಂದೊಂದು ಡಬ್ಬ ಇಟ್ಟು ನೋಡಿ. 'ಇನ್ನೂ ಬೇಕು' ಎಂದು ಅಂಗಡಿಯವರೇ ಕೇಳಿದಾಗ ನಿಮ್ಮ ಕೈಯಲ್ಲಿ ನಿಜವಾದ ಅಂಕಿ ಇರುತ್ತದೆ. ಆ ಅಂಕಿ ಹಿಡಿದು ಡೆಕ್ ಓವನ್ ಕೊಳ್ಳಲು ಹೋದರೆ, ಯಾವ ಅಳತೆ ಬೇಕೆಂದು ಹೇಳುವವರು ನೀವೇ ಆಗುತ್ತೀರಿ.

ಓವನ್ ಮನೆಗೆ ಬಂದ ಮೇಲೆ ಕೊಟ್ಟಿಗೆ ತೊಳೆದಂತೆ ಪೈಪು ಹಿಡಿದು ತೊಳೆಯಬೇಡಿ. ಆರಿದ ಮೇಲೆ ಬ್ರಷ್ಷಿನಿಂದ ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಬಿಸಿ ಗಾಜಿಗೆ ತಣ್ಣೀರು ತಾಗಿದರೆ ಒಡೆಯುತ್ತದೆ.

ಸಭೆಗೆ ಒಯ್ಯಬೇಕಾದ ಪಟ್ಟಿ

1. ಏನು ಮಾಡುತ್ತೇವೆ? ಹಾಲು ಕರೆಯುವ ವೇಳೆಗೆ ಅದು ಅಡ್ಡ ಬರುತ್ತದೆಯೇ?
2. ವಾರಕ್ಕೆ ಎಷ್ಟು ಕೆ.ಜಿ. ಮಾರುತ್ತೇವೆ? ಕೊಳ್ಳುವವರ ಹೆಸರು ಬರೆದಿದ್ದೇವೆಯೇ?
3. ಅಷ್ಟಕ್ಕೆ ಎಷ್ಟು ಟ್ರೇ ಸಾಕು? ಮುಂದೆ ಇನ್ನೊಂದು ಡೆಕ್ ಸೇರಿಸಲು ಬರುತ್ತದೆಯೇ?
4. ತ್ರೀ ಫೇಸ್ ಸಿಗುತ್ತದೆಯೇ? ಹಗಲಿನ ವೋಲ್ಟೇಜ್ ಎಷ್ಟು? ಗ್ಯಾಸ್ ಆದರೆ ವಾಣಿಜ್ಯ ಸಿಲಿಂಡರ್ ಊರಿಗೆ ಬರುತ್ತದೆಯೇ?
5. ಬಾಗಿಲಿನ ಅಗಲ, ಕೊಠಡಿಯ ಅಳತೆ, ಅರ್ತಿಂಗ್ ನೋಡಿದ್ದೇವೆಯೇ?
6. ನಮ್ಮ ಹಿಟ್ಟನ್ನು ಆ ಓವನ್‌ನಲ್ಲಿ ಬೇಯಿಸಿ ನೋಡಿದ್ದೇವೆಯೇ?
7. ರಿಪೇರಿಯವರು ಎಲ್ಲಿಂದ ಬರುತ್ತಾರೆ? ವಾರಂಟಿ ಬರಹದಲ್ಲಿದೆಯೇ?
8. ಮಾರಾಟ ಅರ್ಧಕ್ಕೆ ಇಳಿದ ತಿಂಗಳು ಕಂತು ಯಾರು ಕಟ್ಟುತ್ತಾರೆ?

ಎಂಟನೇ ಪ್ರಶ್ನೆಗೆ ಹತ್ತು ಮಂದಿಯೂ ಸಮಾಧಾನದಿಂದ ಉತ್ತರ ಕೊಡುವಂತಾದರೆ ಮುಂಗಡ ಕೊಡಿ. ಉತ್ತರ 'ಹಾಲಿನ ಬಟವಾಡೆಯಿಂದ' ಎಂದಾದರೆ ಇನ್ನೂ ಚಿಕ್ಕ ಓವನ್ ನೋಡಿ, ಇಲ್ಲವೇ ಇನ್ನೂ ಆರು ತಿಂಗಳು ಓಟಿಜಿಯಲ್ಲೇ ಮುಂದುವರಿಸಿ.